ವಿಮಾನ ನಿಲ್ದಾಣಗಳ ಅಗ್ನಿಶಾಮಕ ಸೇವೆ: ಕ್ಷಿಪ್ರ ವಾಹನಗಳು ಮತ್ತು ಮೂರು ನಿಮಿಷಗಳ ನಿಯಮ

ವಿಮಾನ ನಿಲ್ದಾಣದ ಆವರಣದೊಳಗೆ ಅಪಘಾತ ಅಥವಾ ಬೆಂಕಿ ಅನಾಹುತ ಸಂಭವಿಸಿದಾಗ ಪ್ರಯಾಣಿಕರ ಪ್ರಾಣ ಉಳಿಸುವ ಸಲುವಾಗಿ ಇರುವ ಪ್ರತ್ಯೇಕ ವ್ಯವಸ್ಥೆಯನ್ನು ವಿಮಾನ ನಿಲ್ದಾಣ ರಕ್ಷಣಾ ಮತ್ತು ಅಗ್ನಿಶಾಮಕ ಸೇವೆ ಎಂದು ಕರೆಯಲಾಗುತ್ತದೆ. ಇದು ರಾಜ್ಯದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗಿಂತ ಭಿನ್ನವಾದುದು. ಈ ಸೇವೆಯನ್ನು ಆಯಾ ವಿಮಾನ ನಿಲ್ದಾಣದ ನಿರ್ವಾಹಕರೇ ನಡೆಸತಕ್ಕದ್ದು. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ನಿಲ್ದಾಣಗಳಲ್ಲಿ ಪ್ರಾಧಿಕಾರದ ಸಿಬ್ಬಂದಿಯೂ, ಖಾಸಗಿ ಸಹಭಾಗಿತ್ವದ ನಿಲ್ದಾಣಗಳಲ್ಲಿ ಆಯಾ ಸಂಸ್ಥೆಯ ಸಿಬ್ಬಂದಿಯೂ ಈ ಕರ್ತವ್ಯವನ್ನು ನಿರ್ವಹಿಸುತ್ತಾರೆ. ಈ ಸೇವೆಗೆ ಬಳಸುವ ವಾಹನಗಳು ಯಾವುವು, ಅವು ಎಷ್ಟು ವೇಗದಲ್ಲಿ ತಲುಪಬೇಕು, ಆ ವೇಗದಿಂದ ಆಗುವ ಪ್ರಯೋಜನವೇನು, ಆಗದಿರುವುದೇನು ಎಂಬ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ ನೀಡುವುದು ಈ ಪುಟದ ಉದ್ದೇಶವಾಗಿರುತ್ತದೆ. ಯಾವ ಸೇವೆಗೆ ಯಾವ ಕಛೇರಿಯನ್ನು ಸಂಪರ್ಕಿಸಬೇಕೆಂಬ ವಿವರವನ್ನು ಕೊನೆಯ ಭಾಗದಲ್ಲಿ ನೀಡಲಾಗಿದೆ.

ಮೂರು ನಿಮಿಷಗಳ ನಿಯಮ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧವು ಜಗತ್ತಿನ ಎಲ್ಲ ಸದಸ್ಯ ರಾಷ್ಟ್ರಗಳ ವಿಮಾನ ನಿಲ್ದಾಣಗಳಿಗೆ ಮಾನದಂಡಗಳನ್ನು ನಿಗದಿಪಡಿಸಿದೆ. ಭಾರತದಲ್ಲಿ ಇವು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಹೊರಡಿಸುವ ನಿಯಮಾವಳಿಗಳ ಮೂಲಕ ಜಾರಿಯಲ್ಲಿರುತ್ತವೆ. ಸದರಿ ಮಾನದಂಡದ ಅನ್ವಯ, ಬಳಕೆಯಲ್ಲಿರುವ ರನ್‌ವೇಯ ಯಾವುದೇ ಸ್ಥಳಕ್ಕೆ ಅಗ್ನಿಶಾಮಕ ಸೇವೆಯು ಮೂರು ನಿಮಿಷ ಮೀರದಂತೆ ತಲುಪತಕ್ಕದ್ದು. ಎರಡು ನಿಮಿಷದೊಳಗೆ ತಲುಪುವುದು ಅಪೇಕ್ಷಣೀಯ ಎಂದು ಶಿಫಾರಸು ಮಾಡಲಾಗಿದೆ. ಟ್ಯಾಕ್ಸಿವೇ, ವಿಮಾನ ನಿಲುಗಡೆ ಅಂಗಳ ಮುಂತಾದ ಇತರ ಸಂಚಾರ ಪ್ರದೇಶಗಳಿಗೂ ಮೂರು ನಿಮಿಷಗಳನ್ನೇ ಶಿಫಾರಸು ಮಾಡಲಾಗಿದೆ.

ಈ ಅವಧಿಯ ಲೆಕ್ಕವನ್ನು ಸಾರ್ವಜನಿಕರು ಅನೇಕ ಬಾರಿ ತಪ್ಪಾಗಿ ಗ್ರಹಿಸುವುದುಂಟು. ವಾಹನವು ಠಾಣೆಯಿಂದ ಹೊರಟ ಕ್ಷಣದಿಂದ ಕಾಲ ಎಣಿಕೆಯಾಗುವುದಿಲ್ಲ. ಠಾಣೆಗೆ ಮೊದಲ ಕರೆ ಬಂದ ಕ್ಷಣದಿಂದಲೇ ಎಣಿಕೆ ಆರಂಭವಾಗುತ್ತದೆ. ಹಾಗೆಯೇ ವಾಹನ ಸ್ಥಳದಲ್ಲಿ ಬಂದು ನಿಂತ ಮಾತ್ರಕ್ಕೆ ಎಣಿಕೆ ಮುಗಿಯುವುದೂ ಇಲ್ಲ. ನಿಗದಿತ ನೊರೆ ಸಿಂಪಡಣೆ ದರದ ಕನಿಷ್ಠ ಶೇಕಡ 50ರಷ್ಟನ್ನು ಸಿಂಪಡಿಸಬಲ್ಲ ಸ್ಥಿತಿಯಲ್ಲಿ ಮೊದಲ ವಾಹನ ಅಥವಾ ವಾಹನಗಳು ಸಿದ್ಧವಾದಾಗ ಮಾತ್ರ ಪ್ರತಿಕ್ರಿಯಾ ಅವಧಿ ಪೂರ್ಣಗೊಂಡಿತೆಂದು ಪರಿಗಣಿಸಲಾಗುತ್ತದೆ. ಅಂದರೆ ಗಂಟೆ ಬಾರಿಸಿದ ನಂತರ ಸಿಬ್ಬಂದಿ ಉಡುಪು ಧರಿಸುವುದು, ವಾಹನ ಏರುವುದು, ನಿಯಂತ್ರಣ ಗೋಪುರದಿಂದ ರನ್‌ವೇ ಪ್ರವೇಶಕ್ಕೆ ಅನುಮತಿ ಪಡೆಯುವುದು, ಗಾಳಿಯ ದಿಕ್ಕು ನೋಡಿ ವಾಹನ ನಿಲ್ಲಿಸುವುದು, ಇವೆಲ್ಲವೂ ಮೂರು ನಿಮಿಷಗಳೊಳಗೆ ಸೇರಿಹೋಗುತ್ತವೆ.

ಮೂರು ನಿಮಿಷ ಎಂಬುದು ಕಡತದ ಅನುಕೂಲಕ್ಕಾಗಿ ಆರಿಸಿದ ಅಂಕಿಯಲ್ಲ. ವಿಮಾನದ ಕೆಳಗೆ ಚೆಲ್ಲಿದ ಇಂಧನ ಹೊತ್ತಿಕೊಂಡರೆ ಅಲ್ಯೂಮಿನಿಯಂ ಹೊರಕವಚವು ಒಂದು ನಿಮಿಷದೊಳಗೆ ಕರಗಿ ತೂತಾಗಬಲ್ಲದು. ಆನಂತರ ಹೊಗೆ ಮತ್ತು ವಿಷಾನಿಲವು ಪ್ರಯಾಣಿಕರ ಕೋಣೆಯನ್ನು ತುಂಬುತ್ತದೆ. ಇನ್ನೊಂದೆಡೆ, ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಪ್ರಮಾಣಪತ್ರ ನೀಡುವಾಗ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ಎಲ್ಲರನ್ನೂ 90 ಸೆಕೆಂಡುಗಳಲ್ಲಿ ಹೊರಗೆ ಕಳುಹಿಸಬಹುದೆಂದು ತಯಾರಕರು ತೋರಿಸಿಕೊಡಬೇಕಾಗುತ್ತದೆ. ನಿಜವಾದ ಅಪಘಾತದಲ್ಲಿ ಗಾಯಾಳುಗಳೂ ವೃದ್ಧರೂ ಮಕ್ಕಳೂ ಇರುವುದರಿಂದ ಈ ಅವಧಿ ಸಾಲುವುದಿಲ್ಲ. ಆ ಕೊರತೆಯನ್ನು ತುಂಬಿಕೊಡುವುದು, ಅಂದರೆ ಹೊರಬರುವವರಿಗೆ ಇನ್ನಷ್ಟು ಸಮಯ ಸಂಪಾದಿಸಿಕೊಡುವುದು ಅಗ್ನಿಶಾಮಕ ವಾಹನದ ಮೊದಲ ಕೆಲಸ. ವಿಮಾನವನ್ನು ಉಳಿಸುವುದು ಎರಡನೆಯದು.

ವಿಮಾನ ನಿಲ್ದಾಣಗಳ ದರ್ಜೆ

ಎಲ್ಲ ನಿಲ್ದಾಣಗಳಿಗೂ ಒಂದೇ ಪ್ರಮಾಣದ ಸಲಕರಣೆ ಅಗತ್ಯವಿಲ್ಲ. ಅಲ್ಲಿಗೆ ಬರುವ ಅತಿ ಉದ್ದದ ವಿಮಾನ ಮತ್ತು ಅದರ ಒಡಲಿನ ಅಗಲವನ್ನು ಆಧರಿಸಿ 1ರಿಂದ 10ರವರೆಗೆ ದರ್ಜೆಗಳನ್ನು ನಿಗದಿಪಡಿಸಲಾಗಿದೆ. ಎಟಿಆರ್ 72 ವಿಮಾನವು 5ನೇ ದರ್ಜೆಗೂ, ಏರ್‌ಬಸ್ ಎ320 ವಿಮಾನವು 6ನೇ ದರ್ಜೆಗೂ, ಬೋಯಿಂಗ್ 737-800 ಮತ್ತು ಏರ್‌ಬಸ್ ಎ321 ವಿಮಾನಗಳು 7ನೇ ದರ್ಜೆಗೂ, ಬೋಯಿಂಗ್ 777-300ಇಆರ್ ವಿಮಾನವು 9ನೇ ದರ್ಜೆಗೂ ಸೇರುತ್ತವೆ. ಒಡಲು ಅಗಲವಾಗಿದ್ದರೆ ದರ್ಜೆ ಒಂದು ಮೆಟ್ಟಿಲು ಏರುತ್ತದೆ. 2022ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿಗೆ ನಿಯಮಿತ ಸಂಚಾರ ಆರಂಭಿಸಿದ ಏರ್‌ಬಸ್ ಎ380 ಇದಕ್ಕೆ ಉದಾಹರಣೆ. ಸುಮಾರು 73 ಮೀಟರ್ ಉದ್ದದ ಲೆಕ್ಕದಲ್ಲಿ ಅದು 9ನೇ ದರ್ಜೆಯದು. ಒಡಲಿನ ಅಗಲವು 7 ಮೀಟರನ್ನು ತುಸು ಮೀರುವುದರಿಂದ 10ನೇ ದರ್ಜೆಗೆ ಹೋಗುತ್ತದೆ.

1ರಿಂದ 5ನೇ ದರ್ಜೆಯವರೆಗೆ ಕನಿಷ್ಠ ಒಂದು ವಾಹನ, 6 ಮತ್ತು 7ನೇ ದರ್ಜೆಗಳಿಗೆ ಎರಡು, 8ರಿಂದ 10ನೇ ದರ್ಜೆಯವರೆಗೆ ಮೂರು ವಾಹನಗಳು ಇರತಕ್ಕದ್ದು. ನೀರಿನ ಪ್ರಮಾಣವು ನೊರೆಯ ಗುಣಮಟ್ಟವನ್ನು ಅವಲಂಬಿಸಿರುತ್ತದೆ. ಬಿ ಮಟ್ಟದ ನೊರೆಯನ್ನು ಬಳಸುವುದಾದರೆ 6ನೇ ದರ್ಜೆಗೆ 7,900 ಲೀಟರ್, 7ನೇ ದರ್ಜೆಗೆ 12,100 ಲೀಟರ್, 9ನೇ ದರ್ಜೆಗೆ 24,300 ಲೀಟರ್ ನೀರು ವಾಹನಗಳಲ್ಲೇ ಸಿದ್ಧವಿರಬೇಕು. ಸಿಂಪಡಣೆಯ ದರ 7ನೇ ದರ್ಜೆಗೆ ನಿಮಿಷಕ್ಕೆ 5,300 ಲೀಟರ್, 9ನೇ ದರ್ಜೆಗೆ ನಿಮಿಷಕ್ಕೆ 9,000 ಲೀಟರ್.

ಈ ಅಂಕಿಗಳನ್ನು ಭಾಗಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. 7ನೇ ದರ್ಜೆಯ ನಿಲ್ದಾಣದಲ್ಲಿ ವಾಹನಗಳು ಹೊತ್ತು ತಂದ ಎಲ್ಲ ನೀರೂ ಪೂರ್ಣ ದರದಲ್ಲಿ ಸಿಂಪಡಿಸಿದರೆ ಸುಮಾರು ಎರಡು ಕಾಲು ನಿಮಿಷದಲ್ಲಿ ಖಾಲಿಯಾಗುತ್ತದೆ. 9ನೇ ದರ್ಜೆಯಲ್ಲೂ ಮೂರು ನಿಮಿಷ ಬಾರದು. ಬೆಂಕಿಯು ಒಂದು ನಿಮಿಷದಲ್ಲಿ ಹತೋಟಿಗೆ ಬರಬೇಕು, ಉಳಿದ ನೀರು ಅದನ್ನು ಮರಳಿ ಹೊತ್ತಿಕೊಳ್ಳದಂತೆ ತಡೆಯಲು ಸಾಲಬೇಕು ಎಂಬ ಲೆಕ್ಕದ ಮೇಲೆ ಈ ಪ್ರಮಾಣ ನಿಗದಿಯಾಗಿದೆ. ಆದುದರಿಂದ ತಡವಾಗಿ ಬಂದ ವಾಹನದಲ್ಲಿ ಎಷ್ಟೇ ನೀರಿದ್ದರೂ ಅದು ದೊಡ್ಡದಾಗಿ ಬೆಳೆದ ಬೆಂಕಿಗೆ ಸಾಲದಾಗುತ್ತದೆ.

ವಾಹನಗಳ ಸ್ವರೂಪ

ಬಳಕೆಯಲ್ಲಿ ಕ್ರ್ಯಾಷ್ ಫೈರ್ ಟೆಂಡರ್ ಎಂದು ಕರೆಯಲಾಗುವ ಈ ವಾಹನಗಳು ನಗರದ ಬೀದಿಗಳಲ್ಲಿ ಕಾಣುವ ಅಗ್ನಿಶಾಮಕ ವಾಹನಗಳಂತಲ್ಲ. ನಗರದ ವಾಹನವು ಸ್ಥಳಕ್ಕೆ ಹೋಗಿ ನಿಂತ ಮೇಲೆ ಕೊಳವೆ ಬಿಡಿಸಿ ನೀರು ಹಾಯಿಸುತ್ತದೆ. ವಿಮಾನ ನಿಲ್ದಾಣದ ವಾಹನವು ಚಲಿಸುತ್ತಿರುವಾಗಲೇ ಛಾವಣಿಯ ಮೇಲಿನ ಮಾನಿಟರ್ ಎಂಬ ತಿರುಗು ನಳಿಕೆಯಿಂದ ನೊರೆಯನ್ನು ದೂರಕ್ಕೆ ಎಸೆಯಬಲ್ಲದು. ಚಾಲಕನ ಪಕ್ಕದಲ್ಲಿ ಕುಳಿತ ಸಿಬ್ಬಂದಿಯೇ ಒಳಗಿನಿಂದ ಅದನ್ನು ನಿಯಂತ್ರಿಸುತ್ತಾರೆ. ಎಲ್ಲ ಚಕ್ರಗಳಿಗೂ ಎಂಜಿನ್ ಬಲ ದೊರೆಯುವುದರಿಂದ ಮಳೆಗಾಲದ ಕೆಸರಿನಲ್ಲೂ ರನ್‌ವೇ ಪಕ್ಕದ ಹುಲ್ಲುನೆಲದಲ್ಲೂ ಸಾಗಬಲ್ಲದು.

ಹಿಂದಿನ ದಶಕಗಳಲ್ಲಿ ದೊಡ್ಡ ಟೆಂಡರುಗಳು ನಿಧಾನವಾಗಿದ್ದುದರಿಂದ ಕಡಿಮೆ ನೀರು ಹೊತ್ತ ಹಗುರ ವಾಹನವೊಂದನ್ನು ಮುಂಚಿತವಾಗಿ ಕಳುಹಿಸುವ ಪದ್ಧತಿ ಬೆಳೆದು ಬಂತು. ಕ್ಷಿಪ್ರ ಪ್ರತಿಕ್ರಿಯಾ ವಾಹನ ಎಂಬ ಹೆಸರು ಬಂದುದು ಹೀಗೆ. ದೊಡ್ಡ ಟೆಂಡರು ಬರುವವರೆಗೆ ಬಾಗಿಲುಗಳ ಬಳಿ ಬೆಂಕಿಯನ್ನು ದೂರವಿಡುವುದು ಅದರ ಕೆಲಸವಾಗಿತ್ತು. ನಂತರ ಎಂಜಿನ್ ಮತ್ತು ಸ್ವಯಂಚಾಲಿತ ಗೇರ್ ತಂತ್ರಜ್ಞಾನ ಸುಧಾರಿಸಿ, ಹತ್ತು ಸಾವಿರ ಲೀಟರಿಗೂ ಮಿಕ್ಕಿ ನೀರು ಹೊತ್ತ ವಾಹನವೇ ಹಗುರ ವಾಹನದಷ್ಟು ಚುರುಕಾಗಿ ಓಡತೊಡಗಿತು. ಆಸ್ಟ್ರಿಯಾದ ರೋಸೆನ್‌ಬಾವರ್ ಸಂಸ್ಥೆಯ ಪ್ಯಾಂಥರ್, ಅಮೆರಿಕದ ಓಷ್‌ಕಾಷ್ ಸಂಸ್ಥೆಯ ಸ್ಟ್ರೈಕರ್ ಈ ಬಗೆಯ ವಾಹನಗಳು.

ಅಂತರರಾಷ್ಟ್ರೀಯ ಕೈಪಿಡಿಯ ಪ್ರಕಾರ 4,500 ಲೀಟರ್‌ವರೆಗಿನ ವಾಹನವು 25 ಸೆಕೆಂಡುಗಳಲ್ಲಿ, ಅದಕ್ಕಿಂತ ದೊಡ್ಡ ವಾಹನವು 40 ಸೆಕೆಂಡುಗಳಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗ ಪಡೆಯತಕ್ಕದ್ದು. ಗರಿಷ್ಠ ವೇಗವು ಕ್ರಮವಾಗಿ ಗಂಟೆಗೆ 105 ಮತ್ತು 100 ಕಿಲೋಮೀಟರಿಗೆ ಕಡಿಮೆ ಇರಬಾರದು. ವೇಗದಷ್ಟೇ ಮುಖ್ಯವಾದ ಇನ್ನೊಂದು ಅಂಶವೆಂದರೆ ಮಗುಚದಿರುವುದು. ತುಂಬಿದ ತೊಟ್ಟಿಯ ನೀರು ತಿರುವಿನಲ್ಲಿ ಒಂದು ಬದಿಗೆ ನುಗ್ಗುತ್ತದೆ. ಮೂವತ್ತು ಟನ್ ಮೀರುವ ವಾಹನಕ್ಕೆ ಇದು ಸಣ್ಣ ಮಾತಲ್ಲ. ಆದಕಾರಣ ಚಿಕ್ಕ ವಾಹನವು 30 ಡಿಗ್ರಿ, ದೊಡ್ಡ ವಾಹನವು 28 ಡಿಗ್ರಿ ಓರೆಯಾದರೂ ಉರುಳದಂತಿರಬೇಕೆಂದು ವಿಧಿಸಲಾಗಿದೆ. ತೊಟ್ಟಿಯೊಳಗೆ ಅಡ್ಡತಡೆಗಳನ್ನು ಅಳವಡಿಸುವುದೂ ಇದೇ ಕಾರಣಕ್ಕೆ. ದೊಡ್ಡ ನಿಲ್ದಾಣಗಳ ಕೆಲವು ವಾಹನಗಳಲ್ಲಿ ಉದ್ದವಾಗಿ ಚಾಚುವ ತೋಳು ಮತ್ತು ಅದರ ತುದಿಯಲ್ಲಿ ವಿಮಾನದ ಕವಚವನ್ನು ಚುಚ್ಚಿ ಒಳಗೆ ನೀರು ಸಿಂಪಡಿಸುವ ಮೊಳೆಯಂತಹ ನಳಿಕೆ ಇರುತ್ತದೆ.

ವೇಗದಿಂದ ಉಳಿಯುವ ಸೆಕೆಂಡುಗಳು

ಹೊಸ ವಾಹನ ಖರೀದಿಸಿದರೆ ಎಷ್ಟು ಸಮಯ ಉಳಿಯುತ್ತದೆ ಎಂಬುದು ಸಾರ್ವಜನಿಕ ಹಣದ ದೃಷ್ಟಿಯಿಂದ ನ್ಯಾಯವಾದ ಪ್ರಶ್ನೆ. ಇದನ್ನು ಸರಳ ಲೆಕ್ಕದಿಂದ ತಿಳಿಯಬಹುದು. 4,000 ಮೀಟರ್ ಉದ್ದದ ರನ್‌ವೇಯೊಂದರ ನಡುಭಾಗಕ್ಕೆ ಎದುರಾಗಿ ಠಾಣೆ ಇದೆಯೆಂದು ಭಾವಿಸೋಣ. ತುದಿಗೆ 2,000 ಮೀಟರ್ ದೂರ. ಇದು ಲೆಕ್ಕಕ್ಕಾಗಿ ತೆಗೆದುಕೊಂಡ ಮಾದರಿಯೇ ಹೊರತು ಯಾವುದೇ ನಿರ್ದಿಷ್ಟ ನಿಲ್ದಾಣದ ನಕ್ಷೆಯಲ್ಲ.

40 ಸೆಕೆಂಡುಗಳಲ್ಲಿ 80 ಕಿಲೋಮೀಟರ್ ವೇಗ ಪಡೆಯುವ ವಾಹನವು ಆ ಅವಧಿಯಲ್ಲಿ ಸುಮಾರು 445 ಮೀಟರ್ ಕ್ರಮಿಸಿ, ಉಳಿದ ದೂರವನ್ನು ಅದೇ ವೇಗದಲ್ಲಿ 70 ಸೆಕೆಂಡುಗಳಲ್ಲಿ ಮುಗಿಸುತ್ತದೆ. ಒಟ್ಟು 110 ಸೆಕೆಂಡು. 25 ಸೆಕೆಂಡುಗಳಲ್ಲಿ ಅದೇ ವೇಗ ಪಡೆಯುವ ವಾಹನಕ್ಕೆ 102 ಅಥವಾ 103 ಸೆಕೆಂಡು ಬೇಕು. ಅಂತರ ಏಳೆಂಟು ಸೆಕೆಂಡು ಮಾತ್ರ. ದೊಡ್ಡ ವಾಹನವು 100 ಕಿಲೋಮೀಟರ್ ವೇಗದವರೆಗೂ ಹೋದರೆ ಇನ್ನೂ ಹತ್ತು ಸೆಕೆಂಡಿನ ಆಸುಪಾಸು ಉಳಿಯಬಹುದು. ಆದರೆ ಟ್ಯಾಕ್ಸಿವೇ ತಿರುವುಗಳಲ್ಲಿ ವೇಗ ತಗ್ಗಿಸಬೇಕಾಗುವುದರಿಂದ ಇದು ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ.

ಇದೇ ಠಾಣೆಯು ನಡುಭಾಗದಿಂದ 500 ಮೀಟರ್ ಪಕ್ಕಕ್ಕೆ ಇದ್ದರೆ ದೂರದ ತುದಿಗೆ ತಲುಪಲು 22 ಸೆಕೆಂಡಿಗೂ ಹೆಚ್ಚು ಕಾಲ ಅಧಿಕವಾಗಿ ಬೇಕಾಗುತ್ತದೆ. ಗಂಟೆ ಬಾರಿಸಿದ ಬಳಿಕ ಸಿಬ್ಬಂದಿ ಹೊರಡುವುದು 20 ಸೆಕೆಂಡಿನ ಬದಲು 50 ಸೆಕೆಂಡಾದರೆ ಅರ್ಧ ನಿಮಿಷವೇ ಹೋಯಿತು. ಬೆಲೆಬಾಳುವ ವಾಹನವು ಉಳಿಸುವ ಸೆಕೆಂಡುಗಳನ್ನು ತಪ್ಪಾದ ಸ್ಥಳದ ಠಾಣೆಯೂ ಅಭ್ಯಾಸವಿಲ್ಲದ ಸಿಬ್ಬಂದಿಯೂ ಸುಲಭವಾಗಿ ಕಳೆದುಬಿಡಬಹುದು. ಈ ಕಾರಣದಿಂದಲೇ ಉದ್ದದ ಅಥವಾ ಒಂದಕ್ಕಿಂತ ಹೆಚ್ಚು ರನ್‌ವೇಗಳಿರುವ ನಿಲ್ದಾಣಗಳಲ್ಲಿ ಉಪ ಠಾಣೆಗಳನ್ನು ಸ್ಥಾಪಿಸಲಾಗುತ್ತದೆ. ಹಾಗೆಂದು ಹಳೆಯ, ಜಡ ವಾಹನಗಳನ್ನೇ ಇಟ್ಟುಕೊಳ್ಳಬಹುದು ಎಂದು ಅರ್ಥವಲ್ಲ. 80 ಕಿಲೋಮೀಟರ್ ವೇಗ ಪಡೆಯಲು ಒಂದೂವರೆ ನಿಮಿಷ ತೆಗೆದುಕೊಳ್ಳುವ ವಾಹನವಿದ್ದಲ್ಲಿ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ವೇಗ ಮಾತ್ರದಿಂದ ಆಗದಿರುವುದು

1980ರ ಆಗಸ್ಟ್ 19ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಹೊಗೆ ತುಂಬಿದ ವಿಮಾನವೊಂದು ಸುರಕ್ಷಿತವಾಗಿಯೇ ಇಳಿಯಿತು. ರಕ್ಷಣಾ ವಾಹನಗಳು ನಿಲ್ದಾಣದಲ್ಲೇ ಇದ್ದವು. ಎಂಜಿನ್ ನಿಂತ ಮೇಲೆ ಬಾಗಿಲೊಂದನ್ನು ತೆರೆಯಲು 20 ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯಿತು. ಒಳಗಿದ್ದ 301 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮೇಲೇರುತ್ತಿದ್ದ ಬೋಯಿಂಗ್ 737 ವಿಮಾನದ ಎಂಜಿನ್ ಒಡೆದು ಇಂಧನ ತೊಟ್ಟಿ ತೂತಾಯಿತು. ವಿಮಾನ ನಿಂತ ಅರ್ಧ ನಿಮಿಷದ ಆಸುಪಾಸಿನಲ್ಲೇ ಮೊದಲ ಅಗ್ನಿಶಾಮಕ ವಾಹನ ಬಂದಿತ್ತು. ಆದರೂ 137 ಜನರಲ್ಲಿ 55 ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದ. ಬಾಗಿಲುಗಳ ಬಳಿಯ ಇಕ್ಕಟ್ಟು, ಆಸನಗಳ ಬಟ್ಟೆ, ನೆಲದ ದಾರಿದೀಪ ಇವುಗಳ ಬಗ್ಗೆ ವಿಮಾನಗಳ ನಿಯಮಗಳು ಬಿಗಿಯಾಗಲು ಈ ಅಪಘಾತವೂ ಒಂದು ಕಾರಣವಾಯಿತು.

ಅವಸರವೇ ಅಪಾಯವಾದ ಪ್ರಸಂಗಗಳೂ ಇವೆ. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಅಪಘಾತದಲ್ಲಿ ನೆಲದ ಮೇಲೆ ಬಿದ್ದು ನೊರೆಯಿಂದ ಮುಚ್ಚಿಹೋಗಿದ್ದ ಬಾಲಕಿಯೊಬ್ಬಳ ಮೇಲೆ ಅಗ್ನಿಶಾಮಕ ವಾಹನ ಹಾದುಹೋಯಿತು. 2022ರ ನವೆಂಬರ್ 18ರಂದು ಪೆರು ದೇಶದ ಲಿಮಾದಲ್ಲಿ ಪ್ರತಿಕ್ರಿಯಾ ಅವಧಿಯನ್ನು ಅಳೆಯುವ ಅಣಕು ಕಾರ್ಯಾಚರಣೆಯ ವೇಳೆಯಲ್ಲೇ ಅಗ್ನಿಶಾಮಕ ವಾಹನವು ಬಳಕೆಯಲ್ಲಿದ್ದ ರನ್‌ವೇಗೆ ನುಗ್ಗಿ, ಮೇಲೇರಲು ಓಡುತ್ತಿದ್ದ ವಿಮಾನಕ್ಕೆ ಡಿಕ್ಕಿಯಾಯಿತು. ವಿಮಾನದಲ್ಲಿದ್ದವರೆಲ್ಲರೂ ಬದುಕಿದರು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸ್ಥಳದಲ್ಲೇ ಅಸುನೀಗಿದರು. ನಿಯಂತ್ರಣ ಗೋಪುರದ ಸ್ಪಷ್ಟ ಅನುಮತಿಯಿಲ್ಲದೆ ರನ್‌ವೇಗೆ ವಾಹನ ಇಳಿಸುವಂತಿಲ್ಲ ಎಂಬ ನಿಯಮವು ಎಷ್ಟೇ ತುರ್ತಿದ್ದರೂ ಸಡಿಲವಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ, 2024ರ ಜನವರಿ 2ರಂದು ಜಪಾನಿನ ಹನೇಡಾದಲ್ಲಿ ಇಳಿಯುತ್ತಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡ ಏರ್‌ಬಸ್ ಎ350ರಿಂದ 379 ಮಂದಿಯೂ ಜೀವಂತ ಹೊರಬಂದರು. ವಿಮಾನವು ಸುಟ್ಟುಹೋಯಿತು. ಡಿಕ್ಕಿಯಾದ ಕರಾವಳಿ ಕಾವಲು ವಿಮಾನದ ಆರು ಮಂದಿಯಲ್ಲಿ ಐವರು ಮೃತಪಟ್ಟರು. ದೊಡ್ಡ ವಿಮಾನದ ಪ್ರಯಾಣಿಕರನ್ನು ಉಳಿಸಿದ್ದು ಮುಖ್ಯವಾಗಿ ವಿಮಾನ ಸಿಬ್ಬಂದಿಯ ಶಿಸ್ತು ಮತ್ತು ಕೈಚೀಲಗಳನ್ನು ಬಿಟ್ಟು ಹೊರಟ ಪ್ರಯಾಣಿಕರ ವಿವೇಕ.

ಆವರಣ ಗೋಡೆಯ ಆಚೆ

ಮೂರು ನಿಮಿಷಗಳ ನಿಯಮವು ರನ್‌ವೇ ಮತ್ತು ಸಂಚಾರ ಪ್ರದೇಶಕ್ಕೆ ಸಂಬಂಧಿಸಿದ್ದು. ಗೋಡೆಯ ಆಚೆಗೆ ಅಂತಹ ಅವಧಿ ನಿಗದಿಯಾಗಿಲ್ಲ. ಕರ್ನಾಟಕದ ಎರಡು ಘೋರ ವಿಮಾನ ದುರಂತಗಳು ನಡೆದುದು ರನ್‌ವೇಯಿಂದ ಹೊರಗೆ ಎಂಬುದನ್ನು ಇಲ್ಲಿ ಗಮನಿಸಬೇಕು.

1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನವು ಬೆಂಗಳೂರಿನ ಹೆಚ್.ಎ.ಎಲ್. ವಿಮಾನ ನಿಲ್ದಾಣದ ರನ್‌ವೇಗೆ ಸುಮಾರು 700 ಮೀಟರ್ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲ ಮುಟ್ಟಿ, ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. 146 ಜನರಲ್ಲಿ 92 ಮಂದಿ ಮೃತಪಟ್ಟರು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರು ಇದರ ವಿಚಾರಣೆ ನಡೆಸಿದರು. ರನ್‌ವೇ ಅಂಚಿನಿಂದ 1,000 ಮೀಟರ್‌ವರೆಗಿನ ಪ್ರದೇಶಕ್ಕೆ, ಕನಿಷ್ಠ ಪಕ್ಷ ನಿಲ್ದಾಣದ ಗಡಿಯೊಳಗಿನ ಅಂತಹ ಪ್ರದೇಶಕ್ಕೆ, ತುರ್ತು ವಾಹನಗಳು ಸುಲಭವಾಗಿ ಹೋಗುವಂತಿರಬೇಕು ಎಂದು 14ನೇ ಅನುಬಂಧವು ಶಿಫಾರಸು ಮಾಡುವುದರ ಅರ್ಥ ಇಂತಹ ಸ್ಥಳಗಳಲ್ಲಿ ತಿಳಿಯುತ್ತದೆ.

2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕೆಂಜಾರಿನ ಕಡೆಯ ಕಣಿವೆಗೆ ಉರುಳಿತು. 166 ಜನರಲ್ಲಿ 158 ಮಂದಿ ಮೃತಪಟ್ಟು ಎಂಟು ಮಂದಿ ಮಾತ್ರ ಉಳಿದರು. ಇಂತಹ ಮೇಜಿನಾಕಾರದ ನಿಲ್ದಾಣಗಳಲ್ಲಿ ರನ್‌ವೇ ತುದಿಯಿಂದ ಕೆಲವೇ ಮೀಟರ್ ಆಚೆಗೆ ನೆಲವೇ ಇರುವುದಿಲ್ಲ. ದೊಡ್ಡ ಟೆಂಡರು ಗುಡ್ಡದ ನೆತ್ತಿಯ ಮೇಲೆ ಎಷ್ಟೇ ಬೇಗ ತುದಿಗೆ ಬಂದರೂ ಕೆಳಗಿಳಿಯಲು ಕಿರಿದಾದ ಹಳ್ಳಿ ರಸ್ತೆಯನ್ನು ಸುತ್ತಬೇಕು. ಅಂತಹ ರಸ್ತೆಗೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಬಲವಿರುವ ಚಿಕ್ಕ ವಾಹನವೇ ಸೂಕ್ತ. ಹಗುರ ವಾಹನಗಳ ಕಾಲ ಮುಗಿಯಿತೆಂಬ ಮಾತು ಸಮತಟ್ಟಾದ ನಿಲ್ದಾಣಗಳಿಗೆ ಒಪ್ಪಬಹುದು, ಬಜಪೆಯಂತಹ ಸ್ಥಳಗಳಿಗೆ ಒಪ್ಪುವಂತಹುದಲ್ಲ.

2020ರ ಆಗಸ್ಟ್ 7ರ ರಾತ್ರಿ ಕೇರಳದ ಕೋಳಿಕ್ಕೋಡ್ ನಿಲ್ದಾಣದಲ್ಲೂ ವಿಮಾನವೊಂದು ರನ್‌ವೇ ದಾಟಿ ಕೆಳಗುರುಳಿ ತುಂಡಾಯಿತು. ಅಲ್ಲಿ ದೊಡ್ಡ ಬೆಂಕಿ ಹೊತ್ತಿಕೊಳ್ಳಲಿಲ್ಲ. ಸುರಿಯುವ ಮಳೆಯಲ್ಲಿ ಸುತ್ತಲಿನ ನಿವಾಸಿಗಳು ಗಾಯಾಳುಗಳನ್ನು ತಮ್ಮ ವಾಹನಗಳಲ್ಲೇ ಆಸ್ಪತ್ರೆಗೆ ಸಾಗಿಸಿದರು. 190 ಜನರಲ್ಲಿ 21 ಮಂದಿ ಮೃತಪಟ್ಟರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಮೇಲೇರಿದ ಕೂಡಲೇ ಬಿದ್ದ ಏರ್ ಇಂಡಿಯಾ ವಿಮಾನದ ಪ್ರಾಥಮಿಕ ತನಿಖಾ ವರದಿಯ ಪ್ರಕಾರ, ಅಪರಾಹ್ನ 1 ಗಂಟೆ 39 ನಿಮಿಷಕ್ಕೆ ವಿಮಾನದಿಂದ ಅಪಾಯದ ಕರೆ ಬಂದಿತು, 1 ಗಂಟೆ 44 ನಿಮಿಷ 44 ಸೆಕೆಂಡಿಗೆ ನಿಲ್ದಾಣದ ಅಗ್ನಿಶಾಮಕ ವಾಹನವು ಆವರಣದಿಂದ ಹೊರಟಿತು. ನಂತರ ಸ್ಥಳೀಯ ಆಡಳಿತದ ಅಗ್ನಿಶಾಮಕ ಸೇವೆಯೂ ಸೇರಿಕೊಂಡಿತು. ಜನವಸತಿಯ ನಡುವೆ ವಿಮಾನ ಬಿದ್ದಾಗ ನಗರದ ಅಗ್ನಿಶಾಮಕ ಠಾಣೆ, ಪೊಲೀಸ್, ಆಂಬುಲೆನ್ಸ್ ಮತ್ತು ತೆರೆದ ರಸ್ತೆ ಇವುಗಳೇ ಅವಲಂಬನೆ. ನಿಲ್ದಾಣದ ನಿರ್ವಾಹಕರು ಎರಡು ವರ್ಷಗಳಿಗೊಮ್ಮೆಯಾದರೂ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು ಮತ್ತು ಅದರಲ್ಲಿ ಜಿಲ್ಲಾಡಳಿತ, ಆಸ್ಪತ್ರೆಗಳು ಭಾಗವಹಿಸಬೇಕು ಎಂದು ವಿಧಿಸಿರುವುದು ಈ ಕಾರಣಕ್ಕೆ.

ಖರೀದಿ ಮತ್ತು ನಿರ್ವಹಣೆ

ಪ್ರಾದೇಶಿಕ ಸಂಪರ್ಕ ಯೋಜನೆಯಾದ ಉಡಾನ್ 2016ರಲ್ಲಿ ಜಾರಿಗೆ ಬಂದಾಗ, ಯೋಜನೆಗೆ ಒಳಪಡುವ ನಿಲ್ದಾಣಗಳಿಗೆ ಪೊಲೀಸ್ ಭದ್ರತೆ ಮತ್ತು ಅಗ್ನಿಶಾಮಕ ಸೇವೆಯನ್ನು ರಾಜ್ಯ ಸರ್ಕಾರಗಳು ಉಚಿತವಾಗಿ ಒದಗಿಸಬೇಕೆಂಬ ಷರತ್ತು ಸೇರಿತು. 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ 3,200 ಮೀಟರ್ ರನ್‌ವೇಯ ಶಿವಮೊಗ್ಗ ನಿಲ್ದಾಣವನ್ನು ರಾಜ್ಯವೇ ನಡೆಸುತ್ತಿದೆ. ಹೀಗಾಗಿ ಈ ವಾಹನಗಳ ವಿಷಯವು ದೆಹಲಿಯ ಕಡತಗಳಲ್ಲೇ ಮುಗಿಯದೆ ರಾಜ್ಯದ ಆಯವ್ಯಯಕ್ಕೂ ಸಂಬಂಧಿಸಿರುತ್ತದೆ.

ಟೆಂಡರ್ ಪ್ರಕ್ರಿಯೆಯಲ್ಲಿ ವಾಹನದ ಬೆಲೆಯನ್ನು ಮಾತ್ರ ಹೋಲಿಸುವುದು ಸಾಲದು. ಬಿಡಿಭಾಗಗಳ ಲಭ್ಯತೆ, ವಾರ್ಷಿಕ ನಿರ್ವಹಣಾ ಕರಾರು, ಚಾಲಕರ ತರಬೇತಿ, ನೊರೆ ದ್ರಾವಣದ ದಾಸ್ತಾನು ಇವು ವಾಹನದ ಆಯುಷ್ಯದುದ್ದಕ್ಕೂ ಖರ್ಚಾಗಿ ಬರುತ್ತವೆ. ಹೊರದೇಶದ ವಾಹನದ ಒಂದು ಪಂಪು ಕೆಟ್ಟು ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾಯುವಂತಾದರೆ, ಆ ಅವಧಿಯಲ್ಲಿ ನಿಲ್ದಾಣದ ಅಗ್ನಿಶಾಮಕ ದರ್ಜೆಯನ್ನು ಇಳಿಸಿ ವಿಮಾನಯಾನ ಸಂಸ್ಥೆಗಳಿಗೆ ಸೂಚನೆ ಹೊರಡಿಸಬೇಕಾಗಬಹುದು. ಎರಡು ವಾಹನ ಬೇಕಾದ 6ನೇ ದರ್ಜೆಯ ನಿಲ್ದಾಣದಲ್ಲಿ ಎರಡೇ ವಾಹನಗಳಿದ್ದರೆ, ಒಂದು ಕಾರ್ಯಾಗಾರಕ್ಕೆ ಹೋದ ದಿನ ಎ320 ವಿಮಾನಗಳ ಸಂಚಾರಕ್ಕೆ ತೊಡಕಾಗುತ್ತದೆ. ಬದಲಿ ವಾಹನವು ನಿಷ್ಪ್ರಯೋಜಕವಾಗಿ ನಿಂತಿದೆ ಎಂಬ ಲೆಕ್ಕಪರಿಶೋಧನಾ ಆಕ್ಷೇಪಣೆಗೆ ಇದೇ ಉತ್ತರ.

ಅತಿ ದೊಡ್ಡ ವಿಮಾನಗಳ ಸಂಚಾರವು ವಿರಳವಾಗಿದ್ದಲ್ಲಿ, ಅಂದರೆ ವರ್ಷದ ಅತಿ ದಟ್ಟಣೆಯ ಸತತ ಮೂರು ತಿಂಗಳುಗಳಲ್ಲಿ 700ಕ್ಕಿಂತ ಕಡಿಮೆ ಇದ್ದಲ್ಲಿ, ಒಂದು ದರ್ಜೆ ಕಡಿಮೆ ಸಲಕರಣೆ ಹೊಂದಲು ಅವಕಾಶವಿದೆ. ಚಿಕ್ಕ ನಿಲ್ದಾಣಗಳಿಗೆ ಇದು ಅನುಕೂಲ. ಆದರೆ ವಿಮಾನದಲ್ಲಿ ಕುಳಿತವರ ಸಂಖ್ಯೆ ಈ ರಿಯಾಯಿತಿಯಿಂದ ಕಡಿಮೆಯಾಗುವುದಿಲ್ಲ ಎಂಬುದನ್ನು ನಿರ್ವಾಹಕರು ನೆನಪಿಡುವುದು ಒಳ್ಳೆಯದು. ಬಹುಕಾಲ ಬಳಕೆಯಲ್ಲಿರುವ ಫ್ಲೋರಿನ್‌ಯುಕ್ತ ನೊರೆಯು ಮಣ್ಣು ಮತ್ತು ಅಂತರ್ಜಲದಲ್ಲಿ ಕರಗದೆ ಉಳಿಯುವುದರಿಂದ ಹಲವು ದೇಶಗಳು ಫ್ಲೋರಿನ್‌ರಹಿತ ನೊರೆಯತ್ತ ಸಾಗುತ್ತಿವೆ. ಹೊಸ ವಾಹನ ಕೊಳ್ಳುವಾಗ ಅದರ ಮಿಶ್ರಣ ಸಾಧನವು ಎರಡಕ್ಕೂ ಹೊಂದುವುದೇ ಎಂದು ನೋಡಿಕೊಳ್ಳತಕ್ಕದ್ದು.

ಅರ್ಜಿದಾರರ ಮತ್ತು ಸಾರ್ವಜನಿಕರ ಗಮನಕ್ಕೆ

ವಿಮಾನ ನಿಲ್ದಾಣದ ಅಗ್ನಿಶಾಮಕ ಠಾಣೆಯು ಸಾರ್ವಜನಿಕ ಕಟ್ಟಡಗಳಿಗೆ ನಿರಾಕ್ಷೇಪಣಾ ಪತ್ರ ನೀಡುವುದಿಲ್ಲ. ಬಹುಮಹಡಿ ಕಟ್ಟಡಗಳ ಅಗ್ನಿ ಸುರಕ್ಷತೆಗೆ ಸಂಬಂಧಿಸಿದ ಅರ್ಜಿಗಳನ್ನು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ ಸಲ್ಲಿಸತಕ್ಕದ್ದು. ನಿಲ್ದಾಣದ ಸುತ್ತಲಿನ ಕಟ್ಟಡ, ಗೋಪುರ, ಚಿಮಣಿಗಳ ಎತ್ತರಕ್ಕೆ ಸಂಬಂಧಿಸಿದ ನಿರಾಕ್ಷೇಪಣಾ ಪತ್ರವು ಬೇರೆಯೇ ವಿಷಯ. ಅದನ್ನು ನಾಗರಿಕ ನಿಲ್ದಾಣಗಳ ಸಂಬಂಧ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ನೋಕಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕವೂ, ರಕ್ಷಣಾ ಇಲಾಖೆಯ ನಿಲ್ದಾಣಗಳ ಸಂಬಂಧ ಆಯಾ ರಕ್ಷಣಾ ಪ್ರಾಧಿಕಾರದಿಂದಲೂ ಪಡೆಯಬೇಕು. ಎರಡೂ ಪತ್ರಗಳು ಬೇಕಾಗುವ ಕಟ್ಟಡಗಳಿರುವುದರಿಂದ, ಒಂದು ಪತ್ರ ದೊರೆತ ಮಾತ್ರಕ್ಕೆ ಇನ್ನೊಂದರ ಅಗತ್ಯವಿಲ್ಲವೆಂದು ಭಾವಿಸಬಾರದು.

ಪ್ರಾಧಿಕಾರದ ಅಗ್ನಿಶಾಮಕ ಸೇವೆಯ ಕಿರಿಯ ಸಹಾಯಕ ಹುದ್ದೆಗಳಿಗೆ ಪ್ರಾಧಿಕಾರವೇ ಅಧಿಸೂಚನೆ ಹೊರಡಿಸುತ್ತದೆ. ವಿದ್ಯಾರ್ಹತೆಯ ಜೊತೆಗೆ ವಾಹನ ಚಾಲನಾ ಪರವಾನಗಿ ಮತ್ತು ದೇಹದಾರ್ಢ್ಯ ಪರೀಕ್ಷೆಗೆ ಮಹತ್ವವಿರುತ್ತದೆ. ಪರವಾನಗಿಯ ಬಗೆ ಮತ್ತು ಅವಧಿಯನ್ನು ಅಧಿಸೂಚನೆಯೊಂದಿಗೆ ತಾಳೆ ನೋಡಿ ಅರ್ಜಿ ಸಲ್ಲಿಸುವುದು. ಈ ನೇಮಕಾತಿಗೆ ರಾಜ್ಯದ ಯಾವುದೇ ಕಛೇರಿಯಲ್ಲಿ ಅರ್ಜಿ ಸ್ವೀಕರಿಸಲಾಗುವುದಿಲ್ಲ.

ನಿಲ್ದಾಣದ ಹೊರಗೆ ವಿಮಾನ ಅಪಘಾತ ಕಂಡಲ್ಲಿ 112ಕ್ಕೆ ಕರೆ ಮಾಡಿ ಗ್ರಾಮದ ಹೆಸರು, ಹತ್ತಿರದ ಶಾಲೆ, ದೇವಸ್ಥಾನ ಅಥವಾ ಕೆರೆಯ ಗುರುತು, ಮತ್ತು ದೊಡ್ಡ ವಾಹನ ಬರಬಹುದಾದ ರಸ್ತೆ ಯಾವುದೆಂಬುದನ್ನು ತಿಳಿಸುವುದು. ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸ್‌ಗೆ 108 ಸಂಖ್ಯೆಗಳಿಗೂ ಕರೆ ಮಾಡಬಹುದು. ಚೆಲ್ಲಿದ ಇಂಧನದ ಬಳಿ ಮೊಬೈಲ್ ಚಿತ್ರೀಕರಣಕ್ಕಾಗಿ ಗುಂಪುಗೂಡಬಾರದು. ದ್ವಿಚಕ್ರ ವಾಹನಗಳನ್ನು ರಸ್ತೆಯಲ್ಲೇ ನಿಲ್ಲಿಸಿ ಹೋಗಬಾರದು, ಏಕೆಂದರೆ ಕಿರಿದಾದ ರಸ್ತೆಯಲ್ಲಿ ನಿಂತ ಒಂದು ಬೈಕು ಸಾಕು ಹಿಂದಿನಿಂದ ಬರುವ ಟೆಂಡರನ್ನು ತಡೆಯಲು. ನಿಲ್ದಾಣದ ಗೋಡೆಯಲ್ಲಿರುವ ತುರ್ತು ದ್ವಾರಗಳ ಎದುರು ಅಂಗಡಿ, ಸೌದೆ ರಾಶಿ, ವಾಹನ ನಿಲುಗಡೆ ಇದ್ದಲ್ಲಿ ಅದನ್ನು ಆಯಾ ನಿಲ್ದಾಣದ ನಿರ್ದೇಶಕರ ಕಛೇರಿಗೆ ಅಥವಾ ಗ್ರಾಮ ಪಂಚಾಯಿತಿ, ನಗರ ಸ್ಥಳೀಯ ಸಂಸ್ಥೆಗೆ ಲಿಖಿತವಾಗಿ ತಿಳಿಸಬಹುದು. ದೂರಿನೊಂದಿಗೆ ದ್ವಾರದ ಸಂಖ್ಯೆ ಅಥವಾ ಸ್ಥಳದ ಗುರುತನ್ನು ನಮೂದಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.